ದೋಣಿಗೆ ಕಟ್ಟಿದ ಮಾವನ ಮಣೆ

ಹೋದ ವರ್ಷ ದೀಪಾವಳಿ ಕಳೆದ ಮರು ಭಾನುವಾರ, ಹಾಡಹಗಲಲ್ಲಿ, ನಾನು ನನ್ನ ಹೆಂಡತಿಯನ್ನು ಶರಾವತಿ ಹಿನ್ನೀರಿಗೆ ಬೀಳಿಸಿದೆ. ಬೇಕೆಂದು ಬೀಳಿಸಿದ್ದಲ್ಲ. ಆದರೆ ದಡದಲ್ಲಿ ಜೀಪು ತೊಳೆಯುತ್ತಿದ್ದ ನಾಲ್ಕೈದು ಜನಕ್ಕೆ ಅದನ್ನು ಹೇಗೆ ವಿವರಿಸುವುದು? ಅವರು ಜೀಪು ಬಿಟ್ಟು ನಗುವುದರಲ್ಲೇ ಮುಳುಗಿದ್ದರು.

ನಾನು ಸಾಗರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡವನು. ಗೇಟು, ಗ್ರಿಲ್ಲು, ಟ್ರಾಲಿ ರಿಪೇರಿ ನನ್ನ ಕಸುಬು. ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದು ಎಡ ಮೊಣಕಾಲು ಪುಡಿಯಾಯಿತು. ಆಪರೇಷನ್ ಆದ ಮೇಲೂ ಕಾಲು ಅರ್ಧ ಮಾತ್ರ ಮಡಚುತ್ತದೆ. ಆ ಮೊದಲ ವರ್ಷ ನಾನು ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಿದವನಲ್ಲ. ಮಾತಾಡಿದರೆ ಸಿಡುಕುತ್ತಿದ್ದೆ, ಇಲ್ಲದಿದ್ದರೆ ಗೋಡೆ ನೋಡುತ್ತ ಕೂರುತ್ತಿದ್ದೆ. ಅಂಥ ಹೊತ್ತಿನಲ್ಲಿ, ಬಾಗಿಲು ಹಾಕುತ್ತಿದ್ದ ಒಂದು ಹೋಂಸ್ಟೇಯಿಂದ ಇಬ್ಬರು ಕೂರುವ ಹಳೆಯ ಪ್ಲಾಸ್ಟಿಕ್ ಕಯಾಕ್ ಸಿಕ್ಕಿತು. ಸಪೂರ ದೋಣಿ. ಅದರಲ್ಲಿ ಕಾಲು ಚಾಚಿಕೊಂಡೇ ಕೂರಬೇಕು. ನನ್ನ ಕಾಲಿಗೆ ಹೇಳಿ ಮಾಡಿಸಿದಂತಿತ್ತು.

ಮೊದಮೊದಲು ಹುಟ್ಟು ಹಾಕುತ್ತಿದ್ದೆ. ಆಮೇಲೆ ಗಾಳಿ ಸುಮ್ಮನೆ ಬೀಸಿ ಹೋಗುವುದನ್ನು ನೋಡಿ ಹೊಟ್ಟೆ ಉರಿಯತೊಡಗಿತು. ಬಿದಿರಿನ ಕಂಬ ನೆಟ್ಟು, ಟಾರ್ಪಾಲು ಹೊಲಿಸಿ ಹಾಯಿ ಕಟ್ಟಿದೆ. ದೋಣಿ ಮಗುಚಬಾರದೆಂದು ಎರಡೂ ಪಕ್ಕಕ್ಕೆ ಜೋಡಿ ಕಬ್ಬಿಣದ ಪೈಪು ಚಾಚಿ, ಅವುಗಳ ತುದಿಗೆ ಬಾಯಿ ಮುಚ್ಚಿದ ದಪ್ಪ ಪಿವಿಸಿ ಪೈಪು ಕಟ್ಟಿದೆ. ಅವು ನೀರಿನ ಮೇಲೆ ತೇಲಿ ದೋಣಿಯನ್ನು ಆಧರಿಸುತ್ತವೆ. ನಮ್ಮ ಮನೆಯಲ್ಲಿ ಅವಕ್ಕೆ ರೆಕ್ಕೆ ಎಂದೇ ಹೆಸರು.

ಸಣ್ಣ ಗಾಳಿಗೆ ಎಲ್ಲ ಸರಿಯಿತ್ತು. ಜೋರು ಗಾಳಿ ಬಂದರೆ ಮಾತ್ರ ಹಾಯಿ ಒಂದು ಕಡೆಗೆ ವಾಲಿ, ಆ ಕಡೆಯ ರೆಕ್ಕೆ ನೀರಿನೊಳಗೆ ಹೋಗಿಬಿಡುತ್ತಿತ್ತು. ಅದಕ್ಕೆ ಇರುವುದು ಒಂದೇ ಉಪಾಯ. ಗಾಳಿ ಬರುವ ಕಡೆಯ ರೆಕ್ಕೆಯ ಮೇಲೆ, ದೋಣಿಯಿಂದ ಹೊರಗೆ, ಒಬ್ಬರು ಕೂತು ಭಾರ ಹಾಕಬೇಕು. ನನ್ನ ಕಾಲು ಅದಕ್ಕೆ ಒಗ್ಗುವುದಿಲ್ಲ. ಹಿಂದೆ ಕೂತು ಚುಕ್ಕಾಣಿಯನ್ನೂ ಹಾಯಿಯ ಹಗ್ಗವನ್ನೂ ಹಿಡಿಯುವುದಷ್ಟೇ ನನ್ನಿಂದಾಗುವ ಕೆಲಸ. ಉಳಿದವಳು ನನ್ನ ಹೆಂಡತಿ ಸುಜಾತ.

"ಎಂತ? ನಾನು ಭಾರಕ್ಕಾ?" ಎಂದಳು.

"ಭಾರ ಅಂತ ಅಲ್ಲ ಮಾರಾಯ್ತಿ, ಬ್ಯಾಲೆನ್ಸಿಗೆ."

"ಎರಡೂ ಒಂದೇ. ಮೂಟೆ ಅಂತ ಬಾಯ್ಬಿಟ್ಟು ಹೇಳಿ."

ಬೈದರೂ ಬಂದಳು. ಅವಳಿಗಾಗಿ ರೆಕ್ಕೆಗೊಂದರಂತೆ ಎರಡು ಆಸನ ಮಾಡಿದೆ. ಪ್ಲಾಸ್ಟಿಕ್ ಕುರ್ಚಿಗಳ ಕಾಲು ಕತ್ತರಿಸಿ, ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ, ಚೌಕಟ್ಟನ್ನು ರೆಕ್ಕೆಯ ಪೈಪುಗಳಿಗೆ ವೆಲ್ಡ್ ಮಾಡಿದೆ. ಆನೆ ಕೂತರೂ ಅಲ್ಲಾಡುವುದಿಲ್ಲ ಎಂದು ಜಂಬದಿಂದ ಹೇಳಿದ್ದೆ. ಸುಜಾತ ಕೂತಳು. ಗಾಳಿ ಬಂತು. ರೆಕ್ಕೆ ಅಲೆಗೆ ಏರಿಳಿಯುತ್ತ ಕಿರುಗುಟ್ಟಿತು. ಆಮೇಲೆ ಟಕ್ ಎಂದು ವೆಲ್ಡಿಂಗ್ ಬಿಟ್ಟು, ಅವಳು ಕುರ್ಚಿಯ ಸಮೇತ ಹಿಮ್ಮುಖವಾಗಿ ನೀರಿಗೆ ಹೋದಳು.

ಲೈಫ್ ಜಾಕೆಟ್ ಇತ್ತು. ತಕ್ಷಣ ಮೇಲೆ ಬಂದು ರೆಕ್ಕೆ ಹಿಡಿದುಕೊಂಡಳು. ಆದರೆ ಅವಳಿಗೆ ಈಜು ಬರುವುದಿಲ್ಲ. ಆ ಒಂದು ಕ್ಷಣದ ಅವಳ ಮುಖ ನನಗೆ ಈಗಲೂ ನೆನಪಿದೆ. ಹಾಯಿ ಬಿಚ್ಚಿ, ಹುಟ್ಟು ಹಾಕಿಕೊಂಡು ಅವಳನ್ನು ದಡಕ್ಕೆ ತಂದೆ. ಮನೆಗೆ ಬಂದ ಮೇಲೆ ಅವಳು ಒದ್ದೆ ಸೀರೆ ಹಿಂಡಿ ಹಾಕುತ್ತ ಇಷ್ಟೇ ಹೇಳಿದಳು.

"ಇನ್ನೊಂದೇ ಸಲ ಬರ್ತೀನಿ. ಆ ಕಡೆ ನಡುಗಡ್ಡೆ ಇದೆಯಲ್ಲ, ಅಲ್ಲಿಗೆ ಹೋಗಿ ವಾಪಸ್ ಬರ್ಬೇಕು. ನಾನು ಬೀಳಬಾರ್ದು. ಬಿದ್ರೆ ಮಾರನೇ ದಿನವೇ ದೋಣಿ ಯಾರಿಗಾದ್ರೂ ಕೊಟ್ಬಿಡಿ."

ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ. ದೋಣಿ ಹೋದರೆ ನಾನು ಮತ್ತೆ ಗೋಡೆ ನೋಡುತ್ತ ಕೂರುವವನೇ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದ್ದರಿಂದಲೇ ಇನ್ನೊಂದು ಸಲ ಎಂದಿದ್ದಳು.

ಮರುದಿನದಿಂದ ಹಠಕ್ಕೆ ಬಿದ್ದೆ. ಸಂಜೆ ಶಾಪಿನ ಕೆಲಸ ಮುಗಿದ ಮೇಲೆ ಇದೇ ಕೆಲಸ. ಮುರಿಯದೆ ಉಳಿದಿದ್ದ ಎರಡನೆಯ ಆಸನಕ್ಕೆ ದಪ್ಪ ಪಟ್ಟಿ ಹಾಕಿದೆ. ಅಂಗಳದಲ್ಲಿ ರೆಕ್ಕೆಯನ್ನು ಎರಡು ಡ್ರಮ್ಮಿನ ಮೇಲಿಟ್ಟು, ಆಸನದ ಮೇಲೆ ಮರಳಿನ ಚೀಲ ಹೇರಿ, ಅಲೆ ಬಂದಂತೆ ಒಂದು ತುದಿಯನ್ನು ಎತ್ತಿ ಎತ್ತಿ ಇಳಿಸಿದೆ. ಮೂರನೇ ದಿನ ಬಿರುಕು ಬಿಟ್ಟಿತು. ಮೂರನೆಯ ಆಸನಕ್ಕೆ ಇನ್ನೂ ದಪ್ಪ ಪಟ್ಟಿ ಹಾಕಿ ಅಡ್ಡ ಬಿಗಿ ಕೊಟ್ಟೆ. ಈ ಸಲ ಆಸನ ಉಳಿಯಿತು, ರೆಕ್ಕೆಯ ಪೈಪೇ ಸೀಳಿತು. ನಾಲ್ಕನೆಯದು ಎಷ್ಟು ಭಾರವಾಯಿತೆಂದರೆ ಅದನ್ನು ದೋಣಿಗೆ ಹಾಕಿದ್ದರೆ ಹಾಯಿಯ ಅವಶ್ಯಕತೆಯೇ ಇರುತ್ತಿರಲಿಲ್ಲ, ನೇರ ತಳಕ್ಕೆ ಹೋಗುತ್ತಿದ್ದೆವು. ಆದರೂ ಬಿಡಲಿಲ್ಲ. ವೆಲ್ಡಿಂಗ್‌ನವನಿಗೆ ಯಾವುದು ಮುರಿದರೂ ಹೊಳೆಯುವುದು ಒಂದೇ, ಇನ್ನಷ್ಟು ಗಟ್ಟಿ ಮಾಡುವುದು.

ಐದನೆಯದಕ್ಕೆ ಅಳತೆ ತೆಗೆಯುತ್ತಿದ್ದಾಗ ರಿಪ್ಪನ್‌ಪೇಟೆ ಕಡೆಯಿಂದ ಮಾವ ಬಂದರು. ಸುಜಾತಳ ಅಪ್ಪ ಚೌಡಪ್ಪ. ಐವತ್ತು ವರ್ಷ ಕೊನೆಗಾರನಾಗಿ ಅಡಿಕೆ ಮರ ಹತ್ತಿ, ಗೊನೆ ಇಳಿಸಿ, ಔಷಧಿ ಹೊಡೆದು ಬದುಕಿದವರು. ಈಗ ವಯಸ್ಸಾಗಿ ಹತ್ತುವುದು ಬಿಟ್ಟಿದ್ದಾರೆ.

"ಹೌದೇನ್ರೀ ಅಳಿಯಂದ್ರೇ, ನನ್ ಮಗಳನ್ನ ನೀರಿಗೆ ಹಾಕಿದ್ರಂತಲ್ಲ?"

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಆಸನಗಳ ಅವಶೇಷವನ್ನು ಒಂದೊಂದಾಗಿ ಕಾಲಿನಿಂದ ಹೊರಳಿಸಿ ನೋಡಿದರು. ರೆಕ್ಕೆಯ ತುದಿ ಹಿಡಿದು ಮೇಲೆ ಕೆಳಗೆ ಮಾಡಿದರು.

"ಇದು ತೂಗ್ತದಲ್ಲ."

"ಹೌದು ಮಾವ. ತೂಗ್ಬಾರ್ದು ಅಂತಲೇ ಬಿಗಿ ಮಾಡ್ತಿದೀನಿ."

"ಮರವೂ ತೂಗ್ತದೆ. ಗಾಳಿಗೆ ಈ ಕಡೆಯಿಂದ ಆ ಕಡೆಗೆ ಹೋಗ್ತದೆ. ಅದರ ತಲೇಲಿ ಕೂತಿದ್ದೋನು ನಾನು. ಮೊಳೆ ಹೊಡ್ಕೊಂಡು ಕೂತಿದ್ನಾ?"

ಆಗಲೂ ನನಗೆ ಅರ್ಥವಾಗಲಿಲ್ಲ. ಮಾವ ಹೆಚ್ಚು ಹೇಳದೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು. ಎರಡು ದಿನ ಬಿಟ್ಟು ಕೈಚೀಲದಲ್ಲಿ ತಮ್ಮ ಹಳೆಯ ಮಣೆಯನ್ನು ಇಟ್ಟುಕೊಂಡು ಬಂದರು. ಕೊನೆಗಾರರು ಮರದ ಮೇಲೆ ಕೂರುವ ಪುಟ್ಟ ಹಲಗೆ ಅದು. ಕೂತು ಕೂತು ನುಣುಪಾಗಿತ್ತು. ಅದಕ್ಕೆ ಹಗ್ಗದ ಕುಣಿಕೆ. ಅಂಗಳದ ಹಲಸಿನ ಕೊಂಬೆಗೆ ಕುಣಿಕೆ ಸುತ್ತಿ ತೋರಿಸಿದರು. ಕೈಯಲ್ಲಿ ಎತ್ತಿ ಹಿಡಿದರೆ ಹಗ್ಗ ಸಲೀಸಾಗಿ ಜಾರುತ್ತದೆ. ಮೇಲೆ ಭಾರ ಬಿದ್ದ ಕೂಡಲೇ ಕಚ್ಚಿಕೊಳ್ಳುತ್ತದೆ. ಕೊಂಬೆ ಅಲ್ಲಾಡಿದರೆ ಅದರ ಜೊತೆಗೇ ಅಲ್ಲಾಡುತ್ತದೆ, ಮುರಿಯುವುದಕ್ಕೆ ಅಲ್ಲಿ ಏನೂ ಇಲ್ಲ.

ನನ್ನ ನಾಲ್ಕು ಆಸನಗಳನ್ನು ನೆನೆದು ನನಗೇ ನಾಚಿಕೆಯಾಯಿತು.

ಬಲ ರೆಕ್ಕೆಯ ಎರಡು ಪೈಪುಗಳ ನಡುವೆ ಮಾವ ತಮ್ಮ ಮಣೆಯನ್ನು ಕಟ್ಟಿದರು. ಅದು ಹೊರಗಿನ ಕಡೆಗೆ ತುಸು ಓರೆಯಾಗಿರುವಂತೆ ನೋಡಿಕೊಂಡರು. ದೋಣಿ ವಾಲಿದಾಗ ಅದು ಮಟ್ಟಸವಾಗಬೇಕಂತೆ. ಪಾದ ಸಿಕ್ಕಿಸಿಕೊಳ್ಳಲು ದೋಣಿಯ ಅಂಚಿಗೆ ಒಂದು ಹಗ್ಗದ ಬಳೆ ಹಾಕಿದರು. ಆದರೆ ಕಬ್ಬಿಣದ ಪೈಪಿನ ಮೇಲೆ ಹಗ್ಗ ಕಚ್ಚುತ್ತಿರಲಿಲ್ಲ.

"ಮರಕ್ಕಾದ್ರೆ ತೊಗಟೆ ಇರ್ತದೆ. ನಿಮ್ಮ ಪೈಪಿಗೆ ಎಂತ ಇದೆ?" ಎಂದರು.

ಅಲ್ಲಿ ಮಾತ್ರ ನನ್ನ ತಲೆ ಓಡಿತು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪೈಪಿಗೆ ಬಿಗಿಯಾಗಿ ಸುತ್ತಿದೆ. ಹಗ್ಗ ಗಪ್ಪನೆ ಹಿಡಿಯಿತು. ಮಾವ ತಲೆಯಾಡಿಸಿದರು.

"ಎಡಗಡೇದು ನೀವೇ ಕಟ್ಟಿ. ನಾನು ನೋಡೋದಿಲ್ಲ" ಎಂದು ಒಳಗೆ ಚಾ ಕುಡಿಯಲು ಹೋದರು.

ಹಲಸಿನ ಹಲಗೆ ಕೊಯ್ದು, ಅವರ ಮಣೆಯ ಅಳತೆಗೇ ಇನ್ನೊಂದು ಮಾಡಿದೆ. ಕುಣಿಕೆಯನ್ನು ಹನ್ನೆರಡು ಸಲ ಹಾಕಿ ಬಿಚ್ಚಿರಬೇಕು. ಕಬ್ಬಿಣ ಕರಗಿಸುವ ಕೈಗೆ ಹಗ್ಗ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಮುಂದಿನ ಭಾನುವಾರ ಮೂವರೂ ಹಿನ್ನೀರಿಗೆ ಹೋದೆವು. ಮಾವ ದಡದ ಕಲ್ಲಿನ ಮೇಲೆ ಕೂತರು. ಮೂಡಲಿಂದ ಒಳ್ಳೆಯ ಗಾಳಿ ಇತ್ತು, ನಡುಗಡ್ಡೆ ಇದ್ದದ್ದು ಬಡಗಲಿಗೆ. ಗಾಳಿ ಬಲದಿಂದ ಬರುತ್ತಿದ್ದುದರಿಂದ ಸುಜಾತ ಬಲ ರೆಕ್ಕೆಗೆ ಜರುಗಿ ಅಪ್ಪನ ಮಣೆಯ ಮೇಲೆ ಕೂತಳು. ಹಗ್ಗ ಕಚ್ಚಿಕೊಂಡಿತು. ಹಾಯಿ ತುಂಬಿತು. ದೋಣಿ ವಾಲಲು ನೋಡಿದಾಗ ಅವಳು ಬೆನ್ನನ್ನು ಹಿಂದಕ್ಕೆ ಚೆಲ್ಲಿದಳು, ದೋಣಿ ನೆಟ್ಟಗಾಯಿತು. ಮತ್ತೆ ಗಾಳಿ ಏರಿದಾಗ ಒಂದಿಷ್ಟು ಎದ್ದು, ಮಣೆಯನ್ನು ಇನ್ನೂ ಹೊರಕ್ಕೆ ಜಾರಿಸಿಕೊಂಡು ಕೂತಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಡುಗಡ್ಡೆ ತಲುಪಿದ್ದು ಗೊತ್ತೇ ಆಗಲಿಲ್ಲ.

ಬರುವಾಗ ಗಾಳಿ ಎಡದಿಂದ. ಎಡದ ಮಣೆ ನಾನು ಕಟ್ಟಿದ್ದು.

"ಇದನ್ನ ಯಾರು ಕಟ್ಟಿದ್ದು? ಅಪ್ಪನಾ?" ಎಂದಳು.

ಸುಳ್ಳು ಹೇಳಬಹುದಿತ್ತು. ಹೌದು ಎಂದಿದ್ದರೆ ಅವಳು ಧೈರ್ಯವಾಗಿ ಕೂರುತ್ತಿದ್ದಳು. ಆದರೆ ಒಮ್ಮೆ ನೀರಿಗೆ ಹಾಕಿದವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಾನು" ಎಂದೆ.

ಅವಳು ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಇನ್ನೊಂದಿಷ್ಟು ಎಳೆದುಕೊಂಡು, ಹೋಗಿ ಕೂತಳು.

ನಡು ನೀರಿಗೆ ಬಂದಾಗ ಗಾಳಿ ಒಮ್ಮೆಲೇ ಜೋರಾಯಿತು. ಬಲ ರೆಕ್ಕೆ ನೀರೊಳಗೆ ಹೋಯಿತು, ಎಡದ್ದು ಸುಜಾತಳ ಸಮೇತ ಮೇಲೆದ್ದಿತು. ನಾನು ಹಾಯಿಯ ಹಗ್ಗ ಬಿಟ್ಟುಬಿಡಲು ಹೊರಟಿದ್ದೆ.

"ಬಿಡ್ಬೇಡಿ! ನಾನಿದೀನಲ್ಲ!" ಎಂದು ಕೂಗಿದಳು.

ಪೂರ್ತಿ ಹಿಂದಕ್ಕೆ ಮಲಗಿದಳು. ಅವಳ ಜಡೆ ನೀರಿಗೆ ತಾಗುತ್ತಿತ್ತು. ರೆಕ್ಕೆಯ ಪೈಪುಗಳು ಬಳುಕಿದವು, ಅವುಗಳ ಜೊತೆ ಮಣೆಯೂ ಬಳುಕಿತು. ನಾನು ಟಕ್ ಎನ್ನುವ ಸದ್ದಿಗೆ ಕಾಯುತ್ತಿದ್ದೆ. ಆ ಸದ್ದು ಬರಲಿಲ್ಲ. ನಿಧಾನವಾಗಿ ದೋಣಿ ಮಟ್ಟಕ್ಕೆ ಬಂತು. ಮತ್ತೆ ಓಡಿತು ನೋಡಿ, ನೀರನ್ನು ಸೀಳಿಕೊಂಡು, ನಾನು ಬೈಕಿನಲ್ಲೂ ಅಷ್ಟು ಖುಷಿಯಿಂದ ಹೋದವನಲ್ಲ. ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತೆಂದು ಆಮೇಲೆ ಹೇಳಿದೆ, ಅವಳು ನಂಬಲಿಲ್ಲ.

ದಡ ಮುಟ್ಟಿದಾಗ ಮಾವ ಎದ್ದು ಬಂದರು. "ಮಣೆ ಜಾರ್ತಾ?" ಎಂದು ಕೇಳಿದರು.

"ಎರಡೂ ಜಾರ್ಲಿಲ್ಲ ಅಪ್ಪಯ್ಯ" ಎಂದಳು ಸುಜಾತ. ಲೈಫ್ ಜಾಕೆಟ್ ಬಿಚ್ಚುತ್ತ ಹೇಳಿದಳು, "ಸಣ್ಣವಳಿದ್ದಾಗ ನಾನೂ ಮಣೇಲಿ ಕೂರ್ತೀನಿ ಅಂತ ಅತ್ತಿದ್ದೆ. ಹೆಣ್ಮಕ್ಕಳು ಮರ ಹತ್ತಬಾರ್ದು ಅಂತ ಬೈದಿದ್ರಿ."

ಮಾವ ಬಗ್ಗಿ ನನ್ನ ಗಂಟನ್ನು ಎಳೆದು ನೋಡಿದರು, ಹೂಂ ಎಂದರು. ಆಮೇಲೆ ಊರಿಗೆ ಒಯ್ಯಲೆಂದು ತಮ್ಮ ಮಣೆಯ ಕುಣಿಕೆಗೆ ಕೈ ಹಾಕಿದರು. ಒಂದು ಸುತ್ತು ಬಿಚ್ಚಿದರು. ಅಲ್ಲಿಗೇ ನಿಲ್ಲಿಸಿ, ಅದೇ ಸುತ್ತನ್ನು ಮತ್ತೆ ಹಾಕಿ ಬಿಗಿದರು.

"ಇಲ್ಲೇ ಇರ್ಲಿ. ಇದು ನಿಂದು" ಎಂದರು ಮಗಳಿಗೆ.

ದೋಣಿ ನಮ್ಮಲ್ಲೇ ಉಳಿಯಿತು. ನನ್ನ ಕಾಲು ಈಗಲೂ ಅರ್ಧವೇ ಮಡಚುವುದು, ಅದರ ಮೇಲೆ ಮೊದಲಿನಷ್ಟು ಸಿಟ್ಟಿಲ್ಲ. ಗಾಳಿ ಚೆನ್ನಾಗಿರುವ ಭಾನುವಾರ ನಾನು ಎದ್ದು ಕೂರುವುದರೊಳಗೆ ಸುಜಾತ ಲೈಫ್ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ದೋಣಿ ಏರುವ ಮೊದಲು ಎರಡೂ ಗಂಟುಗಳನ್ನು ಎಳೆದು ನೋಡುತ್ತಿದ್ದಳು. ಈಚೆಗೆ ಅಪ್ಪನ ಗಂಟನ್ನು ಮಾತ್ರ ಎಳೆದು ನೋಡುತ್ತಾಳೆ. ನನ್ನದನ್ನು ನೋಡುವುದಿಲ್ಲ, ಸುಮ್ಮನೆ ಹೋಗಿ ಕೂರುತ್ತಾಳೆ.