ಗಂಟಲಣ್ಣ ಕದ್ದು ಕುಡಿದ ಚಹಾ

ಹಳೇ ಸಾಮಾನಿನ ಹರಾಜು ಕೂಗುತ್ತಿದ್ದ ಅವನನ್ನು ಊರೆಲ್ಲ ಗಂಟಲಣ್ಣ ಎಂದೇ ಕರೆಯುತ್ತಿತ್ತು. ಕಾಲು ಮುರಿದ ಕುರ್ಚಿಯನ್ನೂ ಸಿಂಹಾಸನ ಮಾಡಿ ಮಾರುವ ಬಾಯಿ ಅವನದು. ಮನೆಯಲ್ಲಿ ಹೆಂಡತಿ ಹೂಂ ಅನ್ನಬೇಕಾದರೂ ಅವನು ಉಸಿರೆಳೆದುಕೊಳ್ಳುವ ತನಕ ಕಾಯಬೇಕಿತ್ತು.

ಎದೆ ಆಗಾಗ ತಾಳ ತಪ್ಪುತ್ತಿತ್ತು. "ಡಾಕ್ಟರಿಗೆ ತೋರಿಸ್ರೀ" ಎಂದು ಹೆಂಡತಿ ಅಂದರೆ, "ವ್ಯಾಪಾರ ಜೋರಾದ್ರೆ ಎದೆ ಕುಣಿಯುತ್ತೆ ಕಣೇ" ಅನ್ನುವನು. ಒಂದು ಬೆಳಿಗ್ಗೆ ಹರಾಜಿನ ನಡುವೆಯೇ, ಹೃದಯದಲ್ಲಿ ಹೆಪ್ಪುಗಟ್ಟಿದ್ದ ರಕ್ತದ ಚೂರೊಂದು ಹೊರಟು ಮಿದುಳಿನ ನಾಳಕ್ಕೆ ಅಡ್ಡ ಕೂತಿತು. ಬಲಗೈಯಿಂದ ಸುತ್ತಿಗೆ ಜಾರಿತು, ಬಾಯಿ ಸೊಟ್ಟಗಾಯಿತು. ಇದೂ ಅವನ ಆಟವೇ ಎಂದು ಜನ ನಕ್ಕರು. ನಗದವಳು ಹೆಂಡತಿಯೊಬ್ಬಳೇ; ಓಡಿಹೋಗಿ ಆಂಬುಲೆನ್ಸ್ ಕರೆಸಿದಳು.

ಜೀವ ಉಳಿಯಿತು, ಮಾತು ಮುನಿಸಿಕೊಂಡಿತು. ತಲೆಯೊಳಗೆ ಎಲ್ಲ ನೆಟ್ಟಗಿದ್ದರೂ ಹೊರಗೆ ಬರುತ್ತಿದ್ದುದು ಬಾಯಿಪಾಠವಾಗಿದ್ದ ಕಸುಬಿನ ಕೂಗಷ್ಟೇ. ದಿಂಬು ಬೇಕಾದರೆ "ಒಂದನೇ ಸಲ!" ಕಿಟಕಿ ಮುಚ್ಚಬೇಕಾದರೆ "ಎರಡನೇ ಸಲ!" ನರ್ಸಮ್ಮ ಸೂಜಿ ಹಿಡಿದು ಬಂದಾಗ ಬೇಡ ಅನ್ನಲು ಹೋಗಿ "ಮೂರನೇ ಸಲ!" ಎಂದು ಕಿರುಚಿದ.

"ಅಯ್ಯೋ, ನನ್ನ ಯಾರಿಗೆ ಮಾರಿದ್ರಿ?" ಎಂದಳು ನರ್ಸಮ್ಮ. ಅವನಿಗೆ ನಗುವೂ ಬಂತು, ಅಳುವೂ ಬಂತು.

ನುಂಗುವ ಶಕ್ತಿಯೂ ಕೆಟ್ಟಿತ್ತು. ತೆಳ್ಳಗಿನದೇನಾದರೂ ಕುಡಿದರೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದೀತೆಂದು ನೀರಿಗೂ ಪುಡಿ ಕಲಸಿ, ಗೋಂದಿನ ಹಾಗೆ ಮಾಡಿ ಚಮಚದಲ್ಲಿ ಕೊಡುತ್ತಿದ್ದರು. ಹೀಗಿರುವಾಗ ನೋಡಲು ಬಂದ ಹೆಂಡತಿಯ ತಮ್ಮ ಮಂಚದ ಪಕ್ಕ ಚಹಾದ ಲೋಟ ಇಟ್ಟು ಫೋನಿನಲ್ಲಿ ಮುಳುಗಿದ. ಎಡಗೈ ಸರಿಯಾಗಿಯೇ ಇತ್ತಲ್ಲ! ಗಂಟಲಣ್ಣ ಗಟಗಟನೆ ಲೋಟ ಖಾಲಿ ಮಾಡಿದ. ಸ್ವರ್ಗವೇ ನಾಲಿಗೆಗೆ ಬಂದಂತಾಯಿತು, ಮರುಗಳಿಗೆ ಕೆಮ್ಮು. ಸಂಜೆಗೆ ಜ್ವರ, ಬೆಳಗಾಗುವುದರೊಳಗೆ ನ್ಯುಮೋನಿಯಾ.

ಜ್ವರ ಇಳಿದು ಅವನು ಕಣ್ಣುಬಿಟ್ಟ ದಿನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಇಷ್ಟು ವರ್ಷ ನೀವು ಮಾತಾಡಿದ್ರಿ, ನಾನು ಕೇಳಿದೆ. ಈಗ ಬಾಯ್ಮುಚ್ಚಿಕೊಂಡು ನೀವು ಕೇಳಿ. ಒಂದು ಲೋಟ ಚಹಾಕ್ಕೆ ನನ್ನ ಬಿಟ್ಟು ಹೊರಟಿದ್ರಲ್ರೀ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಗಂಟಲಣ್ಣನಿಗೆ ಬೈಗುಳಕ್ಕಿಂತ ಬೆರಗೇ ಹೆಚ್ಚಾಯಿತು. ಹಿಂದಿನ ಬೆಂಚಿನವರನ್ನೂ ಮುಟ್ಟುವ ದನಿ! ಇಷ್ಟು ದಿನ ಮನೆಯಲ್ಲೇ ಇತ್ತೇ ಇದು?

ಮನೆಗೆ ಬಂದ ಮೇಲೆ ಗದ್ದ ತಗ್ಗಿಸಿ ನುಂಗುವುದನ್ನು ಕಲಿತ. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ. ಮಾತುಗಳು ಹೊಸ ಅಳಿಯನ ಹಾಗೆ ನಾಚುತ್ತ, ಒಂದೊಂದಾಗಿ ಒಳಗೆ ಬಂದವು. ಹರಾಜಿನ ಕಟ್ಟೆ ಹತ್ತಿದವಳು ಮಾತ್ರ ಹೆಂಡತಿ. ಅವನು ಪಕ್ಕದಲ್ಲಿ ಕೂತು, ಯಾರ ಕಣ್ಣಲ್ಲಿ ಆಸೆ ಮಿನುಗಿತೆಂದು ಎಡಗೈಯಲ್ಲಿ ತೋರಿಸುವನು.

ಒಮ್ಮೆ ಅವಳು ಗಂಟೆ ಹೊಡೆಯದ ಗಡಿಯಾರವನ್ನು ಸ್ವಂತ ತಮ್ಮನ ತಲೆಗೇ ಕಟ್ಟತೊಡಗಿದಳು. ತಮ್ಮ ಬೆವೆತುಹೋಗಿ ಕೂಗಿದ: "ಭಾವ, ಸಾಕು ಅನ್ನಿ ನಿಮ್ಮ ಹೆಂಡತಿಗೆ!"

"ಸಾಕು" ಎಂಬ ಮಾತು ನಾಲಿಗೆಯ ತುದಿಗೆ ಸಲೀಸಾಗಿ ಬಂದು ಕೂತಿತ್ತು. ಗಂಟಲಣ್ಣ ಅದನ್ನು ಅಲ್ಲೇ ಕೂರಿಸಿಕೊಂಡು, ಭಾವಮೈದುನನ ಮುಖ ನೋಡುತ್ತ ಹಾಯಾಗಿ ನಕ್ಕ.