ಸಹಿ ನೋಡಿಯೇ ನಂಬುತ್ತಿದ್ದ ನಾಗವೇಣಿ

ಫೋನಿಗೆ ಹೊಸದೇನಾದರೂ ಹಾಕುವ ಮೊದಲು ನಾಗವೇಣಿಯ ತುಟಿ ಅಲುಗುತ್ತಿತ್ತು. ಅದನ್ನು ಮಾಡಿದವರ ಸಹಿಯೆಂದು ಪರದೆಯ ಮೇಲೆ ಬರುವ ಉದ್ದನೆಯ ಅಕ್ಷರ, ಅಂಕಿಗಳ ಸಾಲನ್ನು ತಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಸಾಲಿನೊಡನೆ ಬೆರಳಿಟ್ಟು ತಾಳೆ ನೋಡುತ್ತಿದ್ದಳು. ಅಷ್ಟರಲ್ಲಿ ನಾನು ಒಂದು ಡಿಸ್‌ಪ್ಲೇ ಬದಲಿಸಿ ಮುಗಿಸಿರುತ್ತಿದ್ದೆ. ಆದರೂ ಮೂಡಿಗೆರೆಯ ನಮ್ಮ ರಿಪೇರಿ ಅಂಗಡಿಗೆ ಬಂದವರು ಕೇಳುತ್ತಿದ್ದುದು, "ನಾಗವೇಣಿಯವ್ರು ಇದಾರಾ?"

ಮೊದಲು ಕೆಲಸಕ್ಕೆ ಸೇರಿದವನು ನಾನು. ಹೊಟ್ಟೆ ಉರಿಯುತ್ತಿತ್ತು.

ಯಾರೋ ತಮ್ಮ ಫೋನಿನ ಮೇಲೆ ಕಣ್ಣಿಟ್ಟಿದ್ದಾರೆಂದು ಹೆದರಿ ಬಂದವರಿಗೆ ಅವಳು, ಗುಟ್ಟು ಹೊರಬಿಡದ ಬೇರೊಂದು ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದಳು. "ಅದ್ರ ಅಪ್‌ಡೇಟ್ ಕಳ್ಸೋ ಸರ್ವರ್ ಕಂಪ್ಯೂಟರನ್ನ ಹ್ಯಾಗೆ ನಂಬ್ತೀ?" ಎಂದು ಒಮ್ಮೆ ಕೆಣಕಿದೆ.

"ಆ ಸರ್ವರ್‌ನ ಯಾರು ನಂಬಿದ್ರು ಮಾರಾಯ? ಅದು ಬರೀ ತಂದುಕೊಡತ್ತೆ. ಸಾಫ್ಟ್‌ವೇರ್ ಮಾಡಿದೋರ ಸಹಿ ಇದ್ರೆ ಮಾತ್ರ ಫೋನು ಒಳಗೆ ಬಿಟ್ಕೊಳ್ಳತ್ತೆ. ದಾರೀಲಿ ಒಂದಕ್ಷರ ಬದಲಾದ್ರೂ ಸಹಿ ಕೂಡಲ್ಲ."

ಗಂಡನ ಕಾಟಕ್ಕೆ ಮನೆ ಬಿಟ್ಟು ಗೋಣಿಬೀಡಿನಲ್ಲಿದ್ದ ನರ್ಸ್ ಸವಿತಾ ಅವಳ ಗಿರಾಕಿ. ಗಂಡ ಬೆದರಿಸಿದ ಕರೆಗಳ ರೆಕಾರ್ಡಿಂಗ್, ಕೋರ್ಟಿಗೆ ಕೊಡಬೇಕಾದದ್ದು, ಅವರ ಫೋನಿನಲ್ಲಿತ್ತು. ನಾಗವೇಣಿ ರಜೆಯಲ್ಲಿದ್ದ ದಿನ ಅಪ್‌ಡೇಟ್ ಅರ್ಧಕ್ಕೆ ನಿಂತಿತೆಂದು ಬಂದರು. "ನಾನೇ ಮಾಡ್ಕೊಡ್ತೀನಿ" ಎಂದೆ. ಯಾವುದೋ ಸೈಟಿನಿಂದ ಫೈಲ್ ಇಳಿಸಿ ಹಾಕಿದೆ. ಸಹಿ ಹೊಂದುತ್ತಿಲ್ಲ ಎಂದಿತು ಫೋನು. ಅದೂ ಅವಳ ಪಕ್ಷವೇ ಎನ್ನಿಸಿ ಸಿಟ್ಟು ಬಂತು. ಆ ತಪಾಸಣೆಯನ್ನೇ ತೆಗೆಯಲು, ಬೇರೆ ಸಾಫ್ಟ್‌ವೇರ್ ಒಳಬರದಂತೆ ತಡೆಯುವ ಫೋನಿನ ಒಳಗಿನ ಲಾಕ್ ಬಿಚ್ಚಹೊರಟೆ. ಎಲ್ಲ ಅಳಿಸಿಹೋಗುತ್ತದೆಂಬ ಎಚ್ಚರಿಕೆ ಬಂತು. ಪೂರ್ತಿ ಓದದೆ 'ಸರಿ' ಒತ್ತಿದೆ.

ಫೋನು ಖಾಲಿಯಾಗಿತ್ತು. ಸವಿತಾ ಮೇಜಿನ ಅಂಚು ಹಿಡಿದು ನಿಂತರು.

ಕರೆ ಮಾಡಿದ ಕೂಡಲೇ ನಾಗವೇಣಿ ಬಂದಳು. ಹಿಂದಿನ ತಿಂಗಳು ತಾನೇ ಪೆನ್‌ಡ್ರೈವಿಗೆ ನಕಲು ಮಾಡಿಸಿದ್ದನ್ನು ಸವಿತಾರಿಗೆ ನೆನಪಿಸಿದಳು. ಕೊನೆಯ ಎರಡು ಕರೆಗಳ ಹೊರತು ಎಲ್ಲ ಸಿಕ್ಕಿತು.

"ನಮ್ಮಿಂದ ತಪ್ಪಾಯ್ತು ಮೇಡಂ" ಎಂದಳು.

ನಮ್ಮಿಂದ! ಬೈದಿದ್ದರೆ ಅವಳನ್ನು ದ್ವೇಷಿಸುವುದು ಎಷ್ಟು ಸುಲಭವಾಗುತ್ತಿತ್ತು.

ಮರುವರ್ಷ ಅವಳು ಕಳಸದಲ್ಲಿ ಸ್ವಂತ ಅಂಗಡಿ ಇಟ್ಟಳು. ಹೊರಡುವ ದಿನ, "ಸಹಿ ನೋಡೋದು ಹೇಳ್ಕೊಡ್ಲಾ? ಅರ್ಧ ಗಂಟೆ ಸಾಕು" ಎಂದಳು.

"ಬೇಡ, ಗೊತ್ತು" ಎಂದೆ. ಗೊತ್ತಿರಲಿಲ್ಲ.

ಮೊನ್ನೆ ಸವಿತಾ ನಮ್ಮ ಅಂಗಡಿಯ ಎದುರಿಗೇ ಕಳಸದ ಬಸ್ಸಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ನಕ್ಕರು. ಆಮೇಲೆ ಕೈಯಲ್ಲಿದ್ದ ಫೋನನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದುಕೊಂಡರು.