ಬಸ್ಸು ಬಂದಾಗ ಮಾತ್ರ ಚಾಲೂ ಆದ ಗಾಡಿ

ನಾನು ದೇವರನ್ನು ನಂಬುವವಳು. ಆದರೆ ಇಂಥ ಕತೆಗಳನ್ನು ನಂಬುತ್ತಿದ್ದವಳಲ್ಲ. ನಮ್ಮ ಓಣಿಯ ಹೆಂಗಸರು ನಲ್ಲಿ ಮುಂದೆ ಕೊಡ ಇಟ್ಟುಕೊಂಡು, ಯಾರದೋ ಮನೆಯಲ್ಲಿ ಸತ್ತವರು ಬಂದು ಬಾಗಿಲು ಬಡಿದರಂತೆ, ಇನ್ಯಾರಿಗೋ ಹೆಸರು ಹಿಡಿದು ಕರೆದಂಗಾಯಿತಂತೆ ಅಂತ ಹೇಳುವಾಗ ನಾನು ನನ್ನ ಪಾಳಿ ಬಂತೇನು ಅಂತ ಕೊಡದ ಕಡೆ ನೋಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಂತಿದ್ದೇನೆ. ಓದಿ ನಿಮಗೆ ನಗು ಬಂದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದಂಗ ಹೇಳುತ್ತೇನೆ, ಅಷ್ಟೇ.

ನಮ್ಮದು ಪೋತ್ನಾಳ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು, ಮೂರನೆಯದು ಅಂದರೆ ಅವರ ಹಳೇ ಮೋಟಾರ್ ಸೈಕಲ್ಲು, ನಮ್ಮ ಬಾಯಲ್ಲಿ ಗಾಡಿ. ನಮ್ಮ ಮದುವೆಗಿಂತ ಹಳೆಯದು. ಅದಕ್ಕೆ ಆಗಾಗ ಏನಾದರೂ ಆಗುತ್ತಲೇ ಇರುತ್ತದೆ. ಭಾನುವಾರ ಬಂತೆಂದರೆ ಇವರು ಅಂಗಳದಲ್ಲಿ ಅದನ್ನು ಬಿಚ್ಚಿ ಕೂರುವುದು, ನಾನು ಪಕ್ಕದಲ್ಲಿ ಕಾಳು ಹಸನು ಮಾಡುತ್ತಾ ನಟ್ಟು ಬಿಚ್ಚುವ ಪಾನಾ, ಅರಿವೆ ತುಂಡು ಕೊಡುತ್ತಾ ಕೂರುವುದು. ಹಂಗೇ ನೋಡಿ ನೋಡಿ ನನಗೂ ಒಂದಿಷ್ಟು ತಿಳಿದಿದೆ. ಗಾಡಿ ನಿಂತರೆ ಮೊದಲು ಪೆಟ್ರೋಲ್ ಬರುತ್ತದೋ ಇಲ್ಲವೋ ನೋಡಬೇಕು, ಆಮೇಲೆ ಪ್ಲಗ್ಗಿಗೆ ಕರೆಂಟ್ ಬರುತ್ತದೋ ನೋಡಬೇಕು. ಎರಡೂ ಸರಿ ಇದ್ದು, ಗಾಳಿ ಹೋಗುವ ದಾರಿ ಕಟ್ಟಿರದಿದ್ದರೆ ಗಾಡಿ ಚಾಲೂ ಆಗಲೇಬೇಕು.

ಇನ್ನು ನಮ್ಮ ಅಕ್ಕನ ವಿಷಯ. ನಮ್ಮವ್ವ ನಾನು ಸಣ್ಣಾಕಿ ಇದ್ದಾಗಲೇ ತೀರಿಕೊಂಡಳು. ನನಗೆ ಹೆರಳು ಹಾಕಿದವಳು, ಮದುವೆ ಮಾಡಿ ಕಳಿಸಿದವಳು ಅಕ್ಕ. ಅವಳನ್ನು ದೇವದುರ್ಗಕ್ಕೆ ಕೊಟ್ಟಿತ್ತು. ನನಗೆ ತವರು ಅಂದರೆ ಆ ಮನೆ ಒಂದೇ. ಕೆಲವು ವರ್ಷಗಳ ಹಿಂದೆ ಅವಳ ಕಿಡ್ನಿ ಕೆಟ್ಟವು. ರಾಯಚೂರಿನ ಆಸ್ಪತ್ರೆಯಲ್ಲಿ ಇಟ್ಟು ನೋಡಿದರು. ಕಡೆಗೆ ಮನೆಗೆ ಕರೆದುಕೊಂಡು ಹೋಗ್ರಿ ಅಂದುಬಿಟ್ಟರು. ನಾನು ಬರುತ್ತೇನೆ ಅಂತ ಫೋನ್ ಮಾಡಿದರೆ ಅವಳೇ ತಡೆದಳು. "ಬ್ಯಾಡ ಬೇ, ಮಾರಿ ಎಲ್ಲಾ ಬಾತು ಕುಂತದ. ನನ್ನ ಈ ಮಾರಿ ನೀ ನೋಡಬ್ಯಾಡ. ನೋಡಿದ್ರ ಮುಂದ ಅದನ್ನೇ ನೆನಸ್ತಿ" ಅಂದಳು. ನಾನು ಜಗಳ ಆಡಿದೆ. ಅವಳು ಫೋನ್ ಇಟ್ಟಳು.

ಎರಡು ದಿನ ತಡೆದೆ. ಮೂರನೇ ದಿನ ಬೆಳಗ್ಗೆ ಪೂಜೆಗೆ ಕುಂತರೆ ಕೈ ವಿಭೂತಿ ಗಟ್ಟಿಯ ಮೇಲೆ ಹೋಗಲೇ ಇಲ್ಲ. ಇವರಿಗೆ ಹೇಳಿದೆ: "ಆಕಿ ಬೈದ್ರ ಬೈಲಿ, ಹೋಗೂಣು ನಡೀರಿ." ದೇವದುರ್ಗಕ್ಕೆ ಫೋನ್ ಮಾಡಲಿಲ್ಲ, ಮಾಡಿದರೆ ಮತ್ತೆ ಬೇಡ ಅನ್ನುತ್ತಾಳೆ ಅಂತ. ಈ ಮಾತು ನೆನಪಿಟ್ಟುಕೊಳ್ಳಿ. ನಾವು ಹೊರಟದ್ದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇವರು ಗಿರಣಿಯಲ್ಲಿ ಹೇಳಿ ಬರುವುದರೊಳಗೆ ಬಿಸಿಲು ಏರಿತ್ತು. ಮಾನ್ವಿಯಲ್ಲಿ ಪೆಟ್ರೋಲ್ ಹಾಕಿಸಿಕೊಂಡೆವು. ಸಿರವಾರದ ತನಕ ಗಾಡಿ ಚೆನ್ನಾಗಿಯೇ ಓಡಿತು.

ಸಿರವಾರ ದಾಟಿ ಒಂದಷ್ಟು ದೂರ ಹೋಗಿದ್ದೆವು. ಎರಡೂ ಕಡೆ ಹತ್ತಿ ಕಿತ್ತ ಹೊಲಗಳು, ಒಂದು ಬೇವಿನ ಗಿಡ. ಗಾಡಿ ಕೆಮ್ಮಲಿಲ್ಲ, ಜಗ್ಗಲಿಲ್ಲ. ದೀಪ ಆರಿಸಿದಂಗ ಬಂದ್ ಬಿತ್ತು. ಇವರು ಗಿಡದ ನೆರಳಿಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿದರು. ನೆರಳು ಸಿಕ್ಕಿತಲ್ಲ, ಅದೊಂದು ಪುಣ್ಯ ಅಂದುಕೊಂಡೆ. ಬಾಟಲಿಯಲ್ಲಿ ನೀರಿತ್ತು, ಅದೊಂದು ಪುಣ್ಯ. ಇಂಥವನ್ನು ಎಣಿಸಿಕೊಳ್ಳುವುದು ನನಗೆ ರೂಢಿ.

ಇವರು ಪೆಟ್ರೋಲ್ ಪೈಪ್ ಬಿಚ್ಚಿದರು, ಪೆಟ್ರೋಲ್ ಸುರಿಯಿತು. ಟ್ಯಾಂಕಿನ ಮುಚ್ಚಳ ತೆಗೆದು ಗಾಳಿ ಆಡುವ ತೂತು ಊದಿದರು. ಕಾರ್ಬೋರೇಟರ್ ತಳದ ಕಸ ಬಿಟ್ಟರು. ಪ್ಲಗ್ ಬಿಚ್ಚಿ ಬೆಂಕಿಪೆಟ್ಟಿಗೆಯ ಬದಿಗೆ ತಿಕ್ಕಿ ಮಸಿ ತೆಗೆದರು. ಆಮೇಲೆ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದರು. ಬಿಸಿಲಿನ ಬೆಳಕಿಗೆ ಕಿಡಿ ಕಾಣಲಿಲ್ಲ. ನಾನು ಕುಕ್ಕರಗಾಲಲ್ಲಿ ಕುಂತು ಸೆರಗು ಮರೆ ಮಾಡಿ ಹಿಡಿದೆ. ನೀಲಿ ಕಿಡಿ ಚಟ್ ಅಂತ ಹಾರಿತು. ಇನ್ನೊಮ್ಮೆ ಹೊಡೆದರು, ಇನ್ನೊಮ್ಮೆ ಹಾರಿತು. ನನ್ನ ಕಣ್ಣಾರೆ ನೋಡಿದ್ದು ಇದು.

"ಪೆಟ್ರೋಲ್ ಅದ, ಕರೆಂಟ್ ಅದ, ಗಾಳಿ ಅದ. ಇದಕ್ಕಿನ್ನೇನು ಬೇಕಂತ?" ಅಂದರು ಇವರು.

ಎಲ್ಲಾ ಜೋಡಿಸಿ ಕಿಕ್ ಹೊಡೆದರೆ ಒಂದು ಸದ್ದಿಲ್ಲ. ಹತ್ತಿ ಕಟ್ಟಿಗೆ ಹೇರಿಕೊಂಡು ಸಿರವಾರದ ಕಡೆ ಹೊರಟಿದ್ದ ಟ್ರ್ಯಾಕ್ಟರಿನವನು ನಿಲ್ಲಿಸಿ ಕೇಳಿದ, "ಏನಾತ್ರೀ ಕಾಕಾ?"

"ಎಲ್ಲಾ ಸರಿ ಅದ, ಚಾಲೂ ಆಗವಲ್ದು."

"ಎಲ್ಲಾ ಸರಿ ಇದ್ದು ಚಾಲೂ ಆಗವಲ್ದಂದ್ರ ಅದು ಗಾಡಿ ಅಲ್ರೀ, ನಮ್ಮ ಮನ್ಯಾಕಿ" ಅಂದು ನಕ್ಕ. ನನ್ನ ಮುಖ ನೋಡಿ, ಇಳಿದು ಬಂದು ತಾನೂ ಒಂದಿಷ್ಟು ಕಿಕ್ ಹೊಡೆದ. "ದೇವದುರ್ಗ ಬಸ್ ಬರೂದು ಅದ ಯವ್ವಾ, ಕೈ ಮಾಡ್ರಿ, ನಿಲ್ಲಸ್ತಾರ" ಅಂತ ಹೇಳಿ ಹೋದ.

ಬಸ್ಸು ಬಂತು. ಮಧ್ಯಾಹ್ನದ ಹೊತ್ತು, ದೂರದಲ್ಲಿ ಧೂಳು ಕಂಡದ್ದೇ ನಾನು ಚೀಲ ಎತ್ತಿಕೊಂಡು ರಸ್ತೆಗೆ ನಡೆದೆ. ಹಿಂದೆ ಇವರು ಸುಮ್ಮನೆ ಒಂದು ಕಿಕ್ ಹೊಡೆದರು. ಗಾಡಿ ಚಾಲೂ ಆಯಿತು! ಅದರದೇ ಟಪಟಪ ಸಪ್ಪಳ, ಎಂದಿನಂತೆ. "ಬಾ ಬಾ, ಹತ್ತು!" ಅಂತ ಕೂಗಿದರು. ನಾನು ಕೈ ಇಳಿಸಿದೆ, ಬಸ್ಸು ಹೋಯಿತು. ಸೀಟಿನ ಮೇಲೆ ಕುಂತು ಸೀರೆ ಸರಿ ಮಾಡಿಕೊಳ್ಳುವುದರೊಳಗೆ ಮತ್ತೆ ಬಂದ್.

ಆಮೇಲಿನ ಹೊತ್ತು ಹೇಗೆ ಹೋಯಿತೋ. ಇವರು ಮತ್ತೆ ಬಿಚ್ಚಿದರು, ಮತ್ತೆ ಜೋಡಿಸಿದರು. ನಾನು ಸುಗೂರೇಶ್ವರನ ಹೆಸರು ಹೇಳಿಕೊಳ್ಳುತ್ತಾ ರಸ್ತೆ ನೋಡುತ್ತಾ ಕುಂತೆ. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಗಂಡ ಪಕ್ಕದಲ್ಲೇ ಇದ್ದರೂ ನಾನು ಒಬ್ಬಳೇ ಇದ್ದೇನೆ ಅನ್ನಿಸಿತು. ಅಕ್ಕ ಹೋದರೆ ಈ ಭೂಮಿಯ ಮೇಲೆ ನನ್ನನ್ನು ಸಣ್ಣಾಕಿ ಅಂತ ನೋಡುವವರು ಯಾರೂ ಉಳಿಯುವುದಿಲ್ಲ ಅಂತ ಅವತ್ತು ಆ ಗಿಡದ ಕೆಳಗೆ ಮೊದಲ ಸಲ ತಿಳಿಯಿತು.

ಎರಡನೇ ಬಸ್ಸು ಬಂದಾಗ ಹೊತ್ತು ಇಳಿದಿತ್ತು. ಶಾಲೆ ಬಿಟ್ಟ ಹುಡುಗರು ಅದರ ತುಂಬ. ಈ ಸಲ ನಾನು ರಸ್ತೆಗೆ ಅಡ್ಡವೇ ನಿಂತೆ. ಬಸ್ಸು ನಿಂತಿತು. ಬಾಗಿಲಿನ ಸಲಾಕೆ ಹಿಡಿದಿದ್ದೇನೆ, ಹಿಂದೆ ಗಾಡಿ ಚಾಲೂ! ಈ ಸಲ ಗಟ್ಟಿಯಾಗಿ, ನಿಲ್ಲದೆ. ಇವರು ಎಕ್ಸಲೇಟರ್ ತಿರುವಿ ತಿರುವಿ ತೋರಿಸುತ್ತಿದ್ದಾರೆ. "ಈ ಸಲ ನಿಲ್ಲೂದಿಲ್ಲ! ನನ್ನ ಮಾತು ಕೇಳು!"

ಕಂಡಕ್ಟರ್ ಸಿಟ್ಟಾದ. "ಗಾಡಿ ಚಾಲೂ ಇಟಗೊಂಡು ಬಸ್ಸಿಗ್ಯಾಕ ಕೈ ಮಾಡ್ತೀರಬೇ? ಹತ್ತತೀರೋ ಇಲ್ಲೋ?"

ಹತ್ತಬೇಕಿತ್ತು. ಆದರೆ ಬಸ್ಸು ಊರೂರಿಗೆ ನಿಲ್ಲುತ್ತಾ ಹೋಗುತ್ತದೆ, ಗಾಡಿಯಾದರೆ ಬೇಗ ಮುಟ್ಟುತ್ತೇವೆ ಅನ್ನಿಸಿತು. "ಹೋಗ್ರಿ" ಅಂದೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಗಾಡಿ ನಿಂತಿತು.

ಇವರು ಪಾನಾ ಒಗೆದು ನೆಲದ ಮೇಲೆ ಕುಂತುಬಿಟ್ಟರು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅಕ್ಕನ ಮಗ ಬಸವರಾಜ. "ಚಿಗವ್ವ, ಅವ್ವ ಹೋದ್ಳು" ಅಂದ. "ಈಗಷ್ಟೇ ಹೋದ್ಳು. ನೀವು ಹೊಂಡ್ರಿ."

ಇವರು ನನ್ನ ಮುಖ ನೋಡಿ ತಿಳಿದುಕೊಂಡರು. ಎದ್ದು ಹೋಗಿ ಕಿಕ್ ಮೇಲೆ ಕಾಲಿಟ್ಟರು. ಒಂದೇ ಕಿಕ್ಕಿಗೆ ಗಾಡಿ ಚಾಲೂ ಆಯಿತು. ದೇವದುರ್ಗದ ತನಕ ಎಲ್ಲಿಯೂ ಒಂದು ಕೆಮ್ಮು ಕೆಮ್ಮಲಿಲ್ಲ. ಇವರ ಬೆನ್ನಿಗೆ ಹಣೆ ಕೊಟ್ಟು ದಾರಿಯುದ್ದಕ್ಕೂ ಅತ್ತೆ.

ನಾವು ಹೋದಾಗ ಅಕ್ಕನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ಗೋಡೆಗೆ ಒರಗಿಸಿ ಕುಂಡ್ರಿಸಿದ್ದರು. ಬಾವು ಇಳಿದಿತ್ತೋ, ವಿಭೂತಿಯಲ್ಲಿ ಮುಚ್ಚಿತ್ತೋ, ಅವಳ ಮುಖ ನಾನು ಬಲ್ಲ ಮುಖವೇ ಆಗಿತ್ತು. ಇವರು ಮೆಲ್ಲಗೆ ಅಂದರು, "ಬರಬ್ಯಾಡ ಅಂದಿದ್ಳಲ್ಲ. ಆಕಿನೇ ತಡದಾಳ." ನನಗೂ ಹಂಗೇ ಅನ್ನಿಸಿ, ಮನಸ್ಸು ಒಂದಿಷ್ಟು ತಣ್ಣಗಾಯಿತು. ಮಾತು ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮರುದಿನ ಮಣ್ಣು ಮಾಡಿ ಬಂದ ಮೇಲೆ ಬಸವರಾಜನ ಹೆಂಡತಿ ಮಂಜುಳಾ, ನಾನು ಹಿತ್ತಲಲ್ಲಿ ಪಾತ್ರೆ ತೊಳೆಯಲು ಕುಂತೆವು. ಒಂದು ಬೋಗುಣಿಯಲ್ಲಿ ಚಹಾ ಇತ್ತು, ಮೇಲೆ ಕೆನೆ ಕಟ್ಟಿತ್ತು. ಇದು ಯಾರಿಗೆ ಮಾಡಿದ್ದು ಅಂತ ಕೇಳಿದೆ. ಮಂಜುಳಾ ತಲೆ ತಗ್ಗಿಸಿದಳು.

"ನಿಮಗ ಮಾಡಿದ್ದು ಸಣ್ಣತ್ತಿ. ನಿನ್ನಿ ಮಧ್ಯಾಹ್ನ ನಮ್ಮತ್ತಿ ಇದ್ದಕ್ಕಿದ್ದಂಗ ಕಣ್ಣು ತಗದು, ಅವರ ಗಾಡಿ ಸಪ್ಪಳ ಬಂತು, ಬಂದ್ಳೇನು ನೋಡು ಅಂದ್ರು. ಹೊರಗ ನೋಡಿದೆ, ಯಾರೂ ಇಲ್ಲ. ಮತ್ತ ಸಂಜಿಮುಂದ, ಓಣ್ಯಾಗ ಶಾಲಿ ಹುಡುಗರು ಬರಾಕತ್ತಿದ್ವು ನೋಡ್ರಿ, ಆವಾಗ ಅಂದ್ರು: ಬಂದ್ಳು. ಬಿಸಲಾಗ ಬಂದಾಳ, ಚಾ ಇಡು, ಆಕಿಗೆ ಸಕ್ಕರಿ ಕಡಿಮಿ ಹಾಕು. ಅವರ ಸಮಾಧಾನಕ್ಕ ಅಂತ ಇಟ್ಟೆ. ಒಳಗ ಬಂದು ನೋಡಿದ್ರ ನಕ್ಕೊಂತ ಬಾಗಲಾ ನೋಡಾಕತ್ತಿದ್ರು. ಅಷ್ಟೇ."

ನನ್ನ ಕೈಯಲ್ಲಿದ್ದ ಬೂದಿ ಹಾಗೇ ಉಳಿಯಿತು. ಎರಡೂ ಸಲ ಬಸ್ಸು ಬಂದು ಗಾಡಿ ಚಾಲೂ ಆದದ್ದು ಅದೇ ಹೊತ್ತಿಗೆ. ಮಂಜುಳಾ ನೀರಿಗೆ ಎದ್ದು ಹೋದಾಗ ಆ ತಣ್ಣನೆಯ ಚಹಾ ಕುಡಿದೆ. ಹುಳಿ ಬಂದಿತ್ತು. ಚೆಲ್ಲುವುದಕ್ಕೆ ಮನಸ್ಸಾಗಲಿಲ್ಲ.

ನಮ್ಮ ಗಾಡಿಯ ಸಪ್ಪಳ ಅಕ್ಕನಿಗೆ ಓಣಿಯ ತುದಿಯಿಂದಲೇ ಗುರುತು ಸಿಗುತ್ತಿತ್ತು, ನಿಜ. ಬೇರೆ ಯಾರದೋ ಗಾಡಿಯ ಸಪ್ಪಳ ಕೇಳಿರಬಹುದು, ರೋಗದ ಭ್ರಮೆ ಇರಬಹುದು. ಇವರು ಆಮೇಲೆ ರಾಯಚೂರಿನ ಹಳೇ ಮೆಕ್ಯಾನಿಕ್ ಒಬ್ಬರಿಗೆ ಗಾಡಿ ತೋರಿಸಿದರು. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬಿಸಿಲಿಗೆ ಕಾದು ಕರೆಂಟ್ ನಿಂತಿರಬೇಕು, ತಂಪಾದ ಮೇಲೆ ಚಾಲೂ ಆಗಿದೆ ಅಂದರಂತೆ. ಆದರೆ ಗಾಡಿ ಸತ್ತಿದ್ದ ಹೊತ್ತಿನಲ್ಲೇ ಸೆರಗಿನ ಮರೆಯಲ್ಲಿ ಕಿಡಿ ನೋಡಿದವಳು ನಾನು. ಆ ಮೆಕ್ಯಾನಿಕ್ ಕೂಡ ಕಾಯಿಲ್ ಕಾಸಿ ನೋಡಿದರು, ದೋಷ ಸಿಗಲಿಲ್ಲ. ಇವತ್ತಿಗೂ ಅದೇ ಕಾಯಿಲ್ ಮೇಲೆ ಗಾಡಿ ಓಡುತ್ತಿದೆ. ಆ ಥರ ಮತ್ತೆಂದೂ ನಿಂತಿಲ್ಲ.

ಅಕ್ಕನೇ ತಡೆದಳು ಅನ್ನೋಣವೆಂದರೆ ಅವಳು ಬಾಗಿಲು ನೋಡುತ್ತಿದ್ದಳು. ದೇವರು ತಡೆದ ಅನ್ನೋಣವೆಂದರೆ ಯಾಕೆ ಅಂತ ಕೇಳಬೇಕಾಗುತ್ತದೆ. ನಾನು ಅವನನ್ನು ಹಾಗೆ ಕೇಳಿದವಳಲ್ಲ. ಅವಳು ನನ್ನನ್ನು ಕಾಣುತ್ತಾ ನಗುತ್ತಾ ಹೋದಳು ಅನ್ನುವುದೇ ದೊಡ್ಡ ಪುಣ್ಯ ಅಂತ ಇವರು ಹೇಳುತ್ತಾರೆ. ಇರಬಹುದು. ಅಕ್ಕನ ಮಟ್ಟಿಗೆ ನಾನು ಹೋಗಿ ಮುಟ್ಟಿದೆ. ನನ್ನ ಮಟ್ಟಿಗೆ ನಾನು ಇನ್ನೂ ಮುಟ್ಟಿಲ್ಲ.